ಎಡಿಸನ್‌ನ ನಮ್ಮ ಮನೆ, ಎರಡು ದಿನದ ಓಪನ್ ಹೌಸ್

ಶನಿವಾರ ಮಧ್ಯಾಹ್ನ 12:40. ಕಾರಿನ ಡಿಕ್ಕಿಯಲ್ಲಿ ಕುಕ್ಕರ್, ಒಗ್ಗರಣೆ ಡಬ್ಬಿ, ದೇವರ ಫೋಟೊಗಳು, ಎಲ್ಲರ ಪಾಸ್‌ಪೋರ್ಟ್, ಅತ್ತೆಯ ಬಿಪಿ ಮಾತ್ರೆ, ನನ್ನ ಒಡವೆ ಇದ್ದ ಸ್ಟೀಲ್ ಡಬ್ಬಿ. ಹಿಂದಿನ ಸೀಟಿನಲ್ಲಿ ಮಗಳು ತುಳಸಿ ಕುಂಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. 13 ವರ್ಷ ಬಾಳಿದ ಮನೆಯಿಂದ ಮೂರು ಗಂಟೆ ನಾವೇ ಹೊರಗಿರಬೇಕಿತ್ತು. ಮನೆ ಮಾರಾಟಕ್ಕಿತ್ತು. 1 ಗಂಟೆಯಿಂದ 4ರವರೆಗೆ ಯಾರು ಬೇಕಾದರೂ ಒಳಗೆ ಬರಬಹುದು, ಅಡುಗೆಮನೆ ಕಪಾಟು ತೆಗೆಯಬಹುದು, ಬಚ್ಚಲಲ್ಲಿ ನಲ್ಲಿ ತಿರುಗಿಸಿ ನೋಡಬಹುದು. ಬೀದಿಯ ಮೂಲೆಯಲ್ಲಿ ಬಾಣದ ಗುರುತಿನ ಬೋರ್ಡ್ ಆಗಲೇ ನೆಟ್ಟಾಗಿತ್ತು: ಓಪನ್ ಹೌಸ್.

ಇದು 2025ರ ಏಪ್ರಿಲ್ ಮಾತು. ನಾವಿದ್ದದ್ದು ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಮೆಟ್ರೊಪಾರ್ಕ್ ಸ್ಟೇಷನ್‌ನಿಂದ ರೈಲು ಹತ್ತಿದರೆ ನೇರ ನ್ಯೂಯಾರ್ಕ್. ಓಕ್ ಟ್ರೀ ರೋಡಿಗೆ ಹೋದರೆ ಕೊತ್ತಂಬರಿ ಸೊಪ್ಪಿನಿಂದ ಹಿಡಿದು ರೇಷ್ಮೆ ಸೀರೆವರೆಗೆ ಎಲ್ಲ ಸಿಗುತ್ತದೆ. 2012ರಲ್ಲಿ 3 ಲಕ್ಷ 90 ಸಾವಿರ ಡಾಲರ್‌ಗೆ ಕೊಂಡ ಮನೆ. ನಾಲ್ಕು ಬೆಡ್‌ರೂಮು, ಕೆಳಗೆ ಬೇಸ್‌ಮೆಂಟ್. ನಮ್ಮವರಿಗೆ ನಾರ್ತ್ ಕ್ಯಾರೊಲಿನಾದಲ್ಲಿ ಕೆಲಸ ಸಿಕ್ಕಿತು. ಮಗಳ ಶಾಲೆ ಜೂನ್‌ನಲ್ಲಿ ಮುಗಿಯುವಷ್ಟರಲ್ಲಿ ಮನೆ ಮಾರಬೇಕಿತ್ತು.

ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮನಿಗೆ ಗಾಬರಿ. "ಗೊತ್ತಿಲ್ಲದವರಿಗೆಲ್ಲ ಬಾಗಿಲು ತೆಗೆದಿಡ್ತೀರೇನೇ?" ಅಂದರು. ಅವರ ಗಾಬರಿ ನನಗೆ ಅರ್ಥವಾಗುತ್ತದೆ. 2016ರಲ್ಲಿ ಹಾಸನದ ನಮ್ಮ ಮನೆ ಮಾರಿದಾಗ ಬೋರ್ಡೇ ಹಾಕಿರಲಿಲ್ಲ. ಬ್ರೋಕರ್ ಸಂಜೆ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಕರೆದುಕೊಂಡು ಬರುತ್ತಿದ್ದ. ಪಕ್ಕದ ಮನೆಯವರು ಕೇಳಿದರೆ ದೂರದ ನೆಂಟರು ಅಂತ ಅಮ್ಮ ಹೇಳುತ್ತಿದ್ದರು. ಮನೆ ಮಾರುತ್ತಾರೆ ಅಂದರೆ ಸಾಲ ಜಾಸ್ತಿ ಆಯ್ತೇನೋ, ಅಣ್ಣತಮ್ಮಂದಿರ ಜಗಳವೇನೋ ಅಂತ ಮಾತು ಹುಟ್ಟುತ್ತಲ್ವಾ? ಬಂದವರು ಮೊದಲು ಕೇಳುತ್ತಿದ್ದದ್ದು ಖಾತೆ, ಇಸಿ, ತಾಯಿಪತ್ರ. ಗೋಡೆ, ಕಿಟಕಿ ನೋಡುವುದು ಆಮೇಲೆ. ಇಲ್ಲಿ ಅದೇ ತಲೆಕೆಳಗು. ಮೊದಲು ಮನೆ ನೋಡಿ ಇಷ್ಟಪಡುತ್ತಾರೆ, ಕರಾರಿಗೆ ಸಹಿ ಹಾಕುತ್ತಾರೆ, ಆಮೇಲೆ ಟೈಟಲ್, ಅಂದರೆ ಒಡೆತನದ ದಾಖಲೆ, ಹುಡುಕುತ್ತಾರೆ.

ಓಪನ್ ಹೌಸ್ ಬೇಕೋ ಬೇಡವೋ ಅಂತ ನಮ್ಮಲ್ಲೇ ಒಂದು ವಾರ ಚರ್ಚೆ ನಡೆಯಿತು. ನಮ್ಮವರಿಗೆ ಸುತರಾಂ ಇಷ್ಟವಿರಲಿಲ್ಲ. "ಈಗ ಎಲ್ಲರೂ ಫೋನಲ್ಲೇ ನೋಡ್ತಾರೆ. ಬೇಕಾದವರು ಅವರ ಏಜೆಂಟ್ ಜೊತೆ ಟೈಮ್ ಹೇಳಿ ಬರ್ತಾರೆ. ಸುಮ್ನೆ ಬೀದಿಯವರಿಗೆಲ್ಲ ಯಾಕೆ ತೋರಿಸಬೇಕು?" ಅನ್ನುವುದು ಅವರ ವಾದ. ಕನ್ನಡ ಕೂಟದ ಗೆಳತಿಯೊಬ್ಬಳು ಓಪನ್ ಹೌಸ್ ಮಾಡದೆಯೇ ಹಿಂದಿನ ವರ್ಷ ಮನೆ ಮಾರಿದ್ದಳು. "ಓಪನ್ ಹೌಸ್ ಇರೋದು ಏಜೆಂಟ್‌ಗೆ ಹೊಸ ಗಿರಾಕಿ ಸಿಗಲಿ ಅಂತ" ಎಂದು ಅವಳೂ ಹೇಳಿದಳು.

ಇದನ್ನು ನಮ್ಮ ಏಜೆಂಟ್ ಹತ್ತಿರ ನೇರವಾಗಿಯೇ ಕೇಳಿದೆ. ಅವರು ಮುಚ್ಚಿಡಲಿಲ್ಲ. "ಹೌದು, ನನಗೂ ಅದರಿಂದ ಗಿರಾಕಿಗಳು ಸಿಗ್ತಾರೆ. ಓಪನ್ ಹೌಸ್‌ಗೆ ಸುಮ್ನೆ ಬಂದು, ನೋಡಿ, ಅಲ್ಲೇ ಕೊಂಡವರು ನನ್ನ ಅನುಭವದಲ್ಲಿ ಬಹಳ ಕಡಿಮೆ. ಆದ್ರೂ ಮೊದಲ ವಾರಾಂತ್ಯ ಒಂದು ಸಲ ಮಾಡಿ. ಯಾಕೆ ಅಂತ ನಿಮಗೇ ಗೊತ್ತಾಗುತ್ತೆ" ಅಂದರು. ಇನ್ನೊಂದು ಕಾರಣವನ್ನೂ ಕೊಟ್ಟರು. 2024ರ ಆಗಸ್ಟ್ 17ರಿಂದ ಇಲ್ಲಿನ ನಿಯಮ ಬದಲಾಗಿದೆ. ಮನೆ ಕೊಳ್ಳುವವರು ಒಬ್ಬ ಏಜೆಂಟ್ ಜೊತೆ ಮನೆ ನೋಡಲು ಹೋಗಬೇಕಾದರೆ ಮೊದಲೇ ಲಿಖಿತ ಒಪ್ಪಂದಕ್ಕೆ ಸಹಿ ಹಾಕಬೇಕು. ಏಜೆಂಟ್‌ಗೆ ಎಷ್ಟು ಕಮಿಷನ್ ಅಂತಲೂ ಅದರಲ್ಲಿ ಬರೆದಿರಬೇಕು. ಮಾರುವವರ ಏಜೆಂಟ್ ನಡೆಸುವ ಓಪನ್ ಹೌಸ್‌ಗೆ ಬರುವವರು ಮಾತ್ರ ಯಾವುದಕ್ಕೂ ಸಹಿ ಹಾಕಬೇಕಿಲ್ಲ. ಹಾಗಾಗಿ ಇನ್ನೂ ಏಜೆಂಟ್ ಗೊತ್ತುಮಾಡಿಕೊಳ್ಳದವರಿಗೆ ಒಳಗೆ ಬರಲು ಸುಲಭದ ದಾರಿ ಇದೊಂದೇ. ಈ ಮಾತು ನನಗೆ ಸರಿ ಅನ್ನಿಸಿತು. ಒಂದೇ ಒಂದು ವಾರಾಂತ್ಯ, ಎರಡೇ ದಿನ ಅಂತ ಒಪ್ಪಿಕೊಂಡೆವು.

ತಯಾರಿಗೆ ಮೂರು ವಾರ ಹಿಡಿಯಿತು. ಅರಿಶಿನ ಬಣ್ಣದ ಹಾಲ್ ಗೋಡೆಗೆ ತಿಳಿ ಬೂದು ಬಣ್ಣ ಹೊಡೆಸಿದೆವು. ಅರ್ಧ ಸಾಮಾನು ಬಾಡಿಗೆ ಸ್ಟೋರೇಜ್‌ಗೆ ಹೋಯಿತು. ಫ್ಯಾಮಿಲಿ ಫೋಟೊ, ಮಗಳ ಬಹುಮಾನ, ಫ್ರಿಜ್ ಮೇಲಿನ ಮ್ಯಾಗ್ನೆಟ್ ಎಲ್ಲ ತೆಗೆಸಿದರು. ದೇವರ ಮಂಟಪ ತೆಗೆಯುವಾಗ ಮಾತ್ರ ಕೈ ನಡುಗಿತು. ಅದಿದ್ದ ಜಾಗದ ಗೋಡೆಯ ಮೇಲೆ ದೀಪದ ಹೊಗೆ ತಾಗಿ ಅಂಗೈಯಷ್ಟು ಕಪ್ಪು ಕಲೆ ಇತ್ತು. ಎರಡು ಕೋಟ್ ಬಣ್ಣ ಹೊಡೆದ ಮೇಲೆ ಅದು ಹೋಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಡುಗೆಯ ವಾಸನೆಯೂ ಒಂದು ವಿಷಯವೇ. ಫೋಟೊ ತೆಗೆಯುವುದರಿಂದ ಓಪನ್ ಹೌಸ್ ಮುಗಿಯುವವರೆಗೆ ಮನೆಯಲ್ಲಿ ಇಂಗು, ಬೆಳ್ಳುಳ್ಳಿ ಒಗ್ಗರಣೆ ಬೇಡ ಅಂದಿದ್ದರು ಏಜೆಂಟ್. ಮೊಸರನ್ನ, ಬ್ರೆಡ್, ಹಣ್ಣು ತಿಂದುಕೊಂಡು ಆರು ದಿನ ಕಳೆದೆವು. ಪರದೆಗಳನ್ನೆಲ್ಲ ಒಗೆದೆವು. ವಾಸನೆ ಮನೆಯಲ್ಲಿ ಇರುವವರಿಗೆ ಗೊತ್ತಾಗುವುದಿಲ್ಲ, ಹೊರಗಿನಿಂದ ಬಂದವರಿಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ಫೋಟೊದಲ್ಲಿ ಕಾಣದ ವಿಷಯ ಅದು.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇದ್ದದ್ದು ಬೇಸ್‌ಮೆಂಟಿನದು. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಉಳಿದ ಮಳೆ ನ್ಯೂಜೆರ್ಸಿ ಮೇಲೆ ಸುರಿದಾಗ ನಮ್ಮ ಬೇಸ್‌ಮೆಂಟಿಗೂ ಎರಡು ಇಂಚು ನೀರು ಬಂದಿತ್ತು. ಕಾರ್ಪೆಟ್ ಕಿತ್ತು ಬಿಸಾಡಿ, ಟೈಲ್ಸ್ ಹಾಕಿಸಿ, ಒಳಸುತ್ತಿನಲ್ಲಿ ನೀರು ಹರಿಯುವ ಕಾಲುವೆ ತೋಡಿಸಿ, ಮೂಲೆಯಲ್ಲಿ ಸಂಪ್ ಪಂಪ್ ಕೂರಿಸಿದ್ದೆವು. ಬೆಂಗಳೂರಿನಲ್ಲಿ ಸಂಪ್ ಅಂದರೆ ಕಾವೇರಿ ನೀರು ತುಂಬಿಡುವ ತೊಟ್ಟಿ. ಇಲ್ಲಿ ಅದು ಬೇಸ್‌ಮೆಂಟ್ ನೆಲದಲ್ಲಿನ ಗುಂಡಿ. ನೆಲದಡಿಯ ನೀರು ಅದರಲ್ಲಿ ಸೇರುತ್ತದೆ, ಮಟ್ಟ ಏರಿದ ಕೂಡಲೇ ಪಂಪ್ ತಾನಾಗಿ ಓಡಿ ನೀರನ್ನು ಮನೆಯ ಹೊರಗೆ ತಳ್ಳುತ್ತದೆ. ಅಲ್ಲಿಂದ ಮುಂದೆ ಒಂದು ಹನಿ ನೀರೂ ಒಳಗೆ ಬಂದಿರಲಿಲ್ಲ.

ಆದರೂ ಹೇಳಲೇಬೇಕು. 2024ರ ಮಾರ್ಚ್‌ನಿಂದ ನ್ಯೂಜೆರ್ಸಿಯಲ್ಲಿ ಮನೆ ಮಾರುವವರು ಪ್ರವಾಹದ ಅಪಾಯ, ಹಿಂದೆ ನೀರು ನುಗ್ಗಿದ್ದರೆ ಅದು, ಎಲ್ಲವನ್ನೂ ಬರೆದು ಕೊಡಬೇಕು ಅನ್ನುವ ಕಾನೂನಿದೆ. ಕಾನೂನು ಇಲ್ಲದಿದ್ದರೂ ನಾನು ಹೇಳುತ್ತಿದ್ದೆ. ಐಡಾ ಬಂದ ರಾತ್ರಿ ಮಗಳನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದವಳು ನಾನು. ಇನ್ನೊಬ್ಬ ತಾಯಿಗೆ ಆ ವಿಷಯ ಮುಚ್ಚಿಟ್ಟು ಮನೆ ಕೊಡಲು ಮನಸ್ಸು ಬರುವುದಿಲ್ಲ. ಪಂಪ್ ಹಾಕಿಸಿದ ರಸೀದಿ, ವಾರಂಟಿ ಪತ್ರ, ಕೆಲಸದ ಫೋಟೊ ಎಲ್ಲವನ್ನೂ ಒಂದು ಫೈಲಿಗೆ ಹಾಕಿ ಊಟದ ಮೇಜಿನ ಮೇಲೆ ಇಟ್ಟೆವು.

ಬೆಲೆ 7 ಲಕ್ಷ 49 ಸಾವಿರ ಡಾಲರ್ ಅಂತ ಇಟ್ಟು ಗುರುವಾರ ಮಾರಾಟದ ಪಟ್ಟಿಗೆ ಹಾಕಿದೆವು. ಅಂದೇ ಮಧ್ಯಾಹ್ನ ಮನೆ ಹುಡುಕುವ ವೆಬ್‌ಸೈಟ್ ಝಿಲ್ಲೋದಲ್ಲಿ ಫೋಟೊಗಳು ಬಂದವು. ಶುಕ್ರವಾರ ಟೈಮ್ ಹೇಳಿ ಬಂದವರು ಒಂಬತ್ತು ಜನ, ಒಬ್ಬೊಬ್ಬರಿಗೆ ಅರ್ಧ ಗಂಟೆ. ಒಂದು ಜೋಡಿ ಬಂದು ಹೋದದ್ದೂ ಆವತ್ತೇ. ಅವರ ವಿಷಯ ಆಮೇಲೆ ಹೇಳುತ್ತೇನೆ.

ಶನಿವಾರ ನಾವು ಕಾರಿನಲ್ಲಿ ಸುತ್ತಾಡಿ, ಕೊನೆಗೆ ಎದುರು ಮನೆಯ ಅಜ್ಜಿ ಕರೆದರು ಅಂತ ಅವರ ಮನೆಯಲ್ಲಿ ಕೂತೆವು. ಇಟಲಿ ಮೂಲದವರು, ನಲವತ್ತು ವರ್ಷದಿಂದ ಅದೇ ಬೀದಿಯಲ್ಲಿದ್ದಾರೆ. ಅವರ ಕಿಟಕಿಯಿಂದ ನಮ್ಮ ಬಾಗಿಲು ನೇರ ಕಾಣುತ್ತದೆ. ಹೊಸ್ತಿಲಲ್ಲಿ ಶೂ ಮೇಲೆ ಹಾಕಿಕೊಳ್ಳುವ ನೀಲಿ ಕವರ್‌ಗಳ ಬುಟ್ಟಿ ಇಟ್ಟಿದ್ದೆವು. ಆದರೂ ನಮ್ಮ ಕಡೆಯವರು ಬಂದರೆ ಚಪ್ಪಲಿ ಬಿಟ್ಟೇ ಒಳಗೆ ಹೋಗುತ್ತಿದ್ದರು. ಎರಡು ಗಂಟೆ ಹೊತ್ತಿಗೆ ಬಾಗಿಲ ಮುಂದೆ ಹನ್ನೊಂದು ಜೊತೆ ಚಪ್ಪಲಿ. ಗೃಹಪ್ರವೇಶದ ದಿನವೂ ಹೀಗೇ ಇತ್ತು ಅಂತ ನಮ್ಮವರು ಮೆಲ್ಲಗೆ ಅಂದರು. ಇಬ್ಬರು ಹೊರಗೆ ನಿಂತು ಫೋನಿನ ದಿಕ್ಸೂಚಿ ಹಿಡಿದು ಬಾಗಿಲ ದಿಕ್ಕು ನೋಡಿದರು. ನಮ್ಮದು ಪಶ್ಚಿಮದ ಬಾಗಿಲು. ಅವರು ಒಳಗೆ ಹೋಗಲೇ ಇಲ್ಲ, ಹಾಗೇ ಹೊರಟರು.

ಆವತ್ತು 19 ಕುಟುಂಬ ಬಂದಿತ್ತು. ಸಂಜೆ ಏಜೆಂಟ್ ಪಟ್ಟಿ ಓದಿ ಹೇಳಿದಾಗ ನಮ್ಮವರ ವಾದವೇ ಗೆದ್ದ ಹಾಗಿತ್ತು. ಐದು ಮನೆಯವರು ಅಕ್ಕಪಕ್ಕದವರೇ. ಅದರಲ್ಲಿ ಎದುರು ಮನೆ ಅಜ್ಜಿಯೂ ಒಬ್ಬರು, ನಮಗೆ ಕಾಫಿ ಕೊಟ್ಟು ತಾವು ಹೋಗಿ ನೋಡಿ ಬಂದರು. ಮೂವರು ತಮ್ಮ ಮನೆ ಮಾರುವ ಯೋಚನೆಯಲ್ಲಿದ್ದವರು, ಬೆಲೆ ತಿಳಿಯಲು ಬಂದಿದ್ದರು. ನಾಲ್ವರು ಈಗಷ್ಟೇ ಹುಡುಕಲು ಶುರುಮಾಡಿದವರು, ಬ್ಯಾಂಕಿಗೆ ಇನ್ನೂ ಹೋಗಿಲ್ಲ. ಸಾಲದ ಬಡ್ಡಿ ಆಗ ಶೇಕಡಾ 7ರ ಹತ್ತಿರ ಇತ್ತು, ಲೆಕ್ಕ ಹಾಕಿ ಹೆದರಿದವರೇ ಜಾಸ್ತಿ.

ಒಬ್ಬರು ಏಜೆಂಟ್‌ರನ್ನು, ಈ ಬೀದಿಯಲ್ಲಿ ಯಾವ ಜನ ಜಾಸ್ತಿ ಅಂತ ಕೇಳಿದರಂತೆ. ಅದಕ್ಕೆ ಉತ್ತರ ಕೊಡುವ ಹಾಗಿಲ್ಲ. 1968ರ ಫೇರ್ ಹೌಸಿಂಗ್ ಕಾಯ್ದೆ ಪ್ರಕಾರ ಜನಾಂಗ, ಧರ್ಮ, ಮೂಲ ದೇಶ ನೋಡಿ ಮನೆ ಕೊಡುವುದೂ ತಪ್ಪು, ಹಾಗೆ ಜನರನ್ನು ಒಂದು ಕಡೆಗೆ ತಿರುಗಿಸುವುದೂ ತಪ್ಪು. ನಾವು ಮನೆಯ ಭದ್ರತಾ ಕ್ಯಾಮೆರಾದ ಧ್ವನಿಯನ್ನೂ ಆಫ್ ಮಾಡಿದ್ದೆವು. ನಾವಿಲ್ಲದಾಗ ಬೇರೆಯವರು ಆಡಿಕೊಳ್ಳುವ ಮಾತನ್ನು ರೆಕಾರ್ಡ್ ಮಾಡಿದರೆ ಕಾನೂನಿನ ತೊಂದರೆ ಬರಬಹುದು ಅಂತ ಏಜೆಂಟ್ ಮೊದಲೇ ಹೇಳಿದ್ದರು. ಏನೂ ಕಳೆದುಹೋಗಲಿಲ್ಲ. ಬಚ್ಚಲಿನ ಕಪಾಟನ್ನು ಯಾರೋ ಪೂರ್ತಿ ತೆಗೆದು ನೋಡಿದ್ದರು, ಅಷ್ಟೇ. ಮಾತ್ರೆ, ಒಡವೆ ಮನೆಯಲ್ಲಿ ಬಿಡಬೇಡಿ ಅನ್ನುವ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಭಾನುವಾರ ಮತ್ತೆ ಅಜ್ಜಿ ಮನೆ. 2:30ರ ಸುಮಾರಿಗೆ ಏಜೆಂಟ್ ಫೋನ್ ಬಂತು. "ಬೇಸ್‌ಮೆಂಟ್ ಪಂಪ್ ಓಡ್ತಾ ಇಲ್ಲ. ಬೇಗ ಬನ್ನಿ." ನನ್ನ ಎದೆ ಧಸಕ್ ಅಂದಿತು. ರಸ್ತೆ ದಾಟಿ ಓಡಿದೆ.

ಶುಕ್ರವಾರ ಬಂದ ಜೋಡಿ ಅಲ್ಲಿತ್ತು. ಈ ಸಲ ಹುಡುಗಿಯ ಅಪ್ಪನನ್ನು ಕರೆತಂದಿದ್ದರು. ಬಿಳಿ ಗಡ್ಡದ ಹಿರಿಯರು, ಮೂವತ್ತು ವರ್ಷ ಪ್ಲಂಬಿಂಗ್ ಕೆಲಸ ಮಾಡಿದವರು. ಸಂಪ್ ಗುಂಡಿಯ ಮುಚ್ಚಳ ಪಕ್ಕಕ್ಕಿಟ್ಟು ನೆಲದ ಮೇಲೆ ಮಂಡಿಯೂರಿ ಕೂತಿದ್ದರು. ನೀರಿನ ಜೊತೆ ತೇಲಿ ಪಂಪ್ ಓಡಿಸುವ ಫ್ಲೋಟನ್ನು ಕೈಯಿಂದ ಎತ್ತಿ ಎತ್ತಿ ನೋಡುತ್ತಿದ್ದರು. ಪಂಪ್ ಸದ್ದೇ ಇಲ್ಲ. ಅವರ ಹಿಂದೆ ಇನ್ನೂ ಮೂರು ನಾಲ್ಕು ಜನ ನಿಂತು ನೋಡುತ್ತಿದ್ದಾರೆ. ಪ್ಲಗ್ ಕಡೆ ನೋಡಿದೆ. ಹಿಂದಿನ ರಾತ್ರಿ ವ್ಯಾಕ್ಯೂಮ್ ಮಾಡಲು ಪಂಪಿನ ಪ್ಲಗ್ ಕಿತ್ತದ್ದು, ಮತ್ತೆ ಹಾಕಿಯೇ ಇರಲಿಲ್ಲ. ಬಾಗಿ ಪ್ಲಗ್ ಚುಚ್ಚಿದೆ. ನಡೆದದ್ದನ್ನು ಹಾಗೇ ಹೇಳಿದೆ.

ಅವರು ತಲೆ ಎತ್ತಿ, "ಒಂದು ಬಕೆಟ್ ಇದೆಯಾ?" ಅಂತಷ್ಟೇ ಕೇಳಿದರು. ಲಾಂಡ್ರಿ ನಲ್ಲಿಯಿಂದ ತುಂಬಿ ಕೊಟ್ಟೆ. ನಿಧಾನವಾಗಿ ಗುಂಡಿಗೆ ಸುರಿದರು. ಒಂದು ಬಕೆಟ್ ಸಾಲಲಿಲ್ಲ, ಇನ್ನೊಂದು ತಂದೆ. ಕಪ್ಪು ಫ್ಲೋಟ್ ಮೆಲ್ಲಗೆ ಮೇಲೆ ತೇಲಿತು. ಗುಂಯ್ ಅಂತ ಮೋಟರ್ ಎದ್ದಿತು, ಬಿಳಿ ಪೈಪ್ ಅದುರಿತು, ಗುಂಡಿಯ ನೀರು ಸರ್ರನೆ ಇಳಿಯಿತು. ಅಳಿಯ ಹೊರಗೆ ಓಡಿಹೋಗಿ, ಹಿತ್ತಲ ಪಕ್ಕದಿಂದ "ಬರ್ತಾ ಇದೆ, ಬರ್ತಾ ಇದೆ" ಅಂತ ಕೂಗಿದ. ಹಿರಿಯರು ಗೋಡೆಯ ಬುಡಕ್ಕೆ ಅಂಗೈ ಒತ್ತಿ ತೇವ ಇದೆಯಾ ನೋಡಿದರು. ಆಮೇಲೆ ಕೇಳಿದರು: "ಕರೆಂಟ್ ಹೋದರೆ?" ಬ್ಯಾಟರಿ ಇಲ್ಲ ಅಂದೆ. ಹೂಂ ಅಂತ ತಲೆ ಆಡಿಸಿದರು. ನಾನು ಅಲ್ಲಿ ಜಾಸ್ತಿ ಹೊತ್ತು ನಿಲ್ಲಬಾರದು ಅಂತ ಹೊರಟುಬಿಟ್ಟೆ. ಅವರು ಇನ್ನೂ ಒಂದು ಗಂಟೆ ಮನೆಯಲ್ಲಿದ್ದರಂತೆ.

ಸೋಮವಾರ ಸಂಜೆ 5ರೊಳಗೆ ಆಫರ್ ಕೊಡಬೇಕು ಅಂತ ಎಲ್ಲರಿಗೂ ಹೇಳಿಯಾಗಿತ್ತು. ನಾಲ್ಕು ಬಂದವು. ಎರಡು ಶುಕ್ರವಾರ ನೋಡಿ ಹೋದವರದು, ಅವರು ಓಪನ್ ಹೌಸ್ ಕಡೆ ತಲೆಯೇ ಹಾಕಿರಲಿಲ್ಲ. ಒಂದು ಶನಿವಾರ ಬೋರ್ಡ್ ನೋಡಿ ಬಂದವರದು. ಸಾಲ ಸಿಗುತ್ತದೆ ಅನ್ನುವ ಬ್ಯಾಂಕಿನ ಪ್ರೀ ಅಪ್ರೂವಲ್ ಪತ್ರ ಇಲ್ಲದ್ದರಿಂದ ಅದು ನಿಲ್ಲಲಿಲ್ಲ. ನಾಲ್ಕನೆಯದು ಈ ಜೋಡಿಯದು. ಎಲ್ಲಕ್ಕಿಂತ ಹೆಚ್ಚು ಅಂದರೆ 7 ಲಕ್ಷ 92 ಸಾವಿರದ ಆಫರ್ ಬೇರೆಯವರದು, ಆದರೆ ಕೈಯಿಂದ ಹಾಕುವ ಹಣ ಕಡಿಮೆ, ಮನೆಯ ಇನ್‌ಸ್ಪೆಕ್ಷನ್ (ತಪಾಸಣೆ) ಆದ ಮೇಲೆ ಏನು ಬೇಕಾದರೂ ಕೇಳುವ ಹಕ್ಕು ಇಟ್ಟುಕೊಂಡಿದ್ದರು. ಈ ಜೋಡಿ 7 ಲಕ್ಷ 85 ಸಾವಿರ ಹೇಳಿತ್ತು. ಕಾಲು ಭಾಗ ಕೈಯಿಂದ. ಬೇಸ್‌ಮೆಂಟ್ ವಿಷಯದಲ್ಲಿ ಒಂದೇ ಕೋರಿಕೆ: ಬ್ಯಾಟರಿ ಬ್ಯಾಕಪ್ ಪಂಪ್ ಹಾಕಿಸಲು 1,500 ಡಾಲರ್ ಬಿಡಬೇಕು. ಆಫರ್ ಜೊತೆ ಫ್ಯಾಮಿಲಿ ಫೋಟೊ ಇಟ್ಟು ಪತ್ರ ಬರೆದವರು ಬೇರೆ ಒಬ್ಬರಿದ್ದರು. ಆಫರನ್ನು ಹಣ, ಷರತ್ತು ನೋಡಿ ತೀರ್ಮಾನಿಸಬೇಕು, ಜನ ಯಾರು ಅಂತ ನೋಡಿ ಅಲ್ಲ ಅಂತ ಏಜೆಂಟ್ ಅದನ್ನು ನಮಗೆ ಓದಲು ಕೊಡಲೇ ಇಲ್ಲ. ಲೆಕ್ಕ ಹಾಕಿ ಈ ಜೋಡಿಗೆ ಹೂಂ ಅಂದೆವು.

ಮುಂದಿನದು ಬೇಗ ಹೇಳಿಬಿಡುತ್ತೇನೆ. ನ್ಯೂಜೆರ್ಸಿಯಲ್ಲಿ ಕರಾರಾದ ಮೇಲೆ ಮೂರು ಕೆಲಸದ ದಿನ ಎರಡೂ ಕಡೆಯ ವಕೀಲರು ನೋಡುತ್ತಾರೆ. ನೆಲದಿಂದ ಮನೆಯೊಳಗೆ ಬರುವ ರೇಡಾನ್ ಅನ್ನುವ ವಿಕಿರಣ ಅನಿಲದ ಪರೀಕ್ಷೆ, ಗೆದ್ದಲು ಪರೀಕ್ಷೆ, ನೆಲದಡಿ ಹಳೆಯ ಎಣ್ಣೆ ಟ್ಯಾಂಕ್ ಇದೆಯಾ ಅಂತ ಹುಡುಕಾಟ, ಎಲ್ಲ ಆಯಿತು. ರಾಜ್ಯ ಬಿಟ್ಟು ಹೋಗುವವರು ಎಕ್ಸಿಟ್ ಟ್ಯಾಕ್ಸ್ ಕಟ್ಟಬೇಕು ಅಂತ ನಮ್ಮ ಕಡೆಯವರಲ್ಲಿ ಒಂದು ಭಯ ಇದೆ. ಅದು ಬೇರೆ ತೆರಿಗೆ ಅಲ್ಲ, ಲಾಭದ ಮೇಲಿನ ತೆರಿಗೆಯನ್ನೇ ಮುಂಗಡ ಹಿಡಿಯುವುದು. ಐದು ವರ್ಷದಲ್ಲಿ ಎರಡು ವರ್ಷ ಅದೇ ಮನೆಯಲ್ಲಿ ಬಾಳಿದ ಗಂಡಹೆಂಡತಿಗೆ 5 ಲಕ್ಷ ಡಾಲರ್‌ವರೆಗಿನ ಲಾಭಕ್ಕೆ ಕೇಂದ್ರದ ತೆರಿಗೆ ಇಲ್ಲ. ನಮ್ಮ ಲಾಭ ಅದರೊಳಗೇ ಇತ್ತು. ಒಂದು ಫಾರಂಗೆ ಸಹಿ ಹಾಕಿ ಮುಗಿಯಿತು. ಜೂನ್ 24ಕ್ಕೆ ಕ್ಲೋಸಿಂಗ್, ಅಂದರೆ ಮನೆ ಅವರ ಕೈಗೆ.

ಓಪನ್ ಹೌಸ್‌ನಿಂದ ಮನೆ ಮಾರಾಟವಾಯಿತಾ ಅಂತ ಈಗಲೂ ಗೆಳತಿಯರು ಕೇಳುತ್ತಾರೆ. ಆ ಜೋಡಿಗೆ ನಮ್ಮ ಮನೆ ಸಿಕ್ಕಿದ್ದು ಫೋನಿನಲ್ಲಿ. ಒಳಗೆ ಬಂದದ್ದು ಅವರ ಏಜೆಂಟ್ ಜೊತೆ, ಶುಕ್ರವಾರ. ಆದರೆ ಆವತ್ತಿನ ಅರ್ಧ ಗಂಟೆಯಲ್ಲಿ ಬೇಸ್‌ಮೆಂಟಿನ ಭಯ ಹೋಗಿರಲಿಲ್ಲ ಅಂತ ಆಮೇಲೆ ಅವರೇ ಹೇಳಿದರು. ಅಪ್ಪನಿಗೆ ಬಿಡುವಿದ್ದದ್ದು ಭಾನುವಾರ ಮಾತ್ರ. ಯಾರೂ ಅವಸರ ಮಾಡದೆ ಕೂತು ನೋಡಲು, ಎರಡು ಬಕೆಟ್ ನೀರು ಸುರಿಯಲು ಆವತ್ತು ಅವಕಾಶ ಸಿಕ್ಕಿತು. ಜೊತೆಗೆ ಬೇರೆಯವರೂ ಮೆಟ್ಟಿಲು ಹತ್ತಿ ಇಳಿದು ನೋಡುತ್ತಿದ್ದರು. ತಡಮಾಡಿದರೆ ಕೈತಪ್ಪುತ್ತೆ ಅಂತ ಅವರಿಗೆ ಅನ್ನಿಸಿತಂತೆ. ಹಾಗಾಗಿ ನನ್ನ ಮಟ್ಟಿಗೆ ಓಪನ್ ಹೌಸ್ ಕೊಳ್ಳುವವರನ್ನು ಹುಡುಕಿ ತರಲಿಲ್ಲ, ಅರ್ಧ ಮನಸ್ಸಿನಲ್ಲಿ ಇದ್ದವರನ್ನು ಗಟ್ಟಿ ಮಾಡಿತು.

ಬೆಲೆ ತಪ್ಪಿದರೆ ಮಾತ್ರ ಅದರಿಂದ ಏನೂ ಆಗುವುದಿಲ್ಲ. ಅದೇ ತಿಂಗಳು ನಮ್ಮ ಪರಿಚಯದವರು ಹತ್ತಿರದಲ್ಲೇ ಒಂದು ಮನೆಗೆ 40 ಸಾವಿರ ಜಾಸ್ತಿ ಇಟ್ಟು ನಾಲ್ಕು ವಾರ ಓಪನ್ ಹೌಸ್ ಮಾಡಿದರು. ಮೊದಲ ವಾರ ಜನ, ಆಮೇಲೆ ಯಾರೂ ಇಲ್ಲ. ನಾಲ್ಕನೇ ವಾರವೂ ಅದೇ ಬೋರ್ಡ್ ನೋಡಿದವರು, ಈ ಮನೆಗೆ ಏನೋ ದೋಷ ಇರಬೇಕು ಅಂದುಕೊಂಡರು. ಕೊನೆಗೆ ಬೆಲೆ ಇಳಿಸಿಯೇ ಮಾರಿದರು. ನನ್ನನ್ನು ಕೇಳಿದರೆ, ಮೊದಲ ವಾರಾಂತ್ಯ ಮಾಡಿ, ಮನೆಯ ಕುಂದು ಏನಿದೆಯೋ ಅದರ ಕಾಗದ ಎದುರಿಗೇ ಇಡಿ, ಅಲ್ಲಿಗೆ ನಿಲ್ಲಿಸಿ.

ಜುಲೈ 14ರ ಸಂಜೆ ನ್ಯೂಜೆರ್ಸಿಯಲ್ಲಿ ಮತ್ತೆ ಜೋರು ಮಳೆ, ಹಲವು ಕಡೆ ನೆರೆ. ನಾವು ನಾರ್ತ್ ಕ್ಯಾರೊಲಿನಾದಲ್ಲಿ ಟಿವಿ ಮುಂದೆ ಕೂತಿದ್ದೆವು. ನಮ್ಮದಲ್ಲದ ಮನೆಯ ಬೇಸ್‌ಮೆಂಟ್ ನೆನೆಸಿಕೊಂಡು ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ರಾತ್ರಿ ಹತ್ತಕ್ಕೆ ಎದುರು ಮನೆ ಅಜ್ಜಿಗೆ ಫೋನ್ ಮಾಡಿದೆ. ಅವರು ಕಿಟಕಿ ಹತ್ತಿರವೇ ಇದ್ದರು. ಬಿಳಿ ಗಡ್ಡದವರು ಸಂಜೆಯೇ ಬಂದಿದ್ದಾರಂತೆ, ಕಾರು ಅಲ್ಲೇ ನಿಂತಿದೆಯಂತೆ. "ಪಕ್ಕದ ಪೈಪಿನಿಂದ ನೀರು ಹೊರಗೆ ಬರ್ತಾನೇ ಇದೆ ಕಣಮ್ಮ. ಒಳಗೆಲ್ಲ ಲೈಟ್ ಉರೀತಾ ಇದೆ" ಅಂದರು.